ಮುಟ್ಟುವ ಮೊದಲು

ಭಾವ ಅಕ್ಕನನ್ನು ಹೊಡೆಯುತ್ತಾನೆಂದು ಪಕ್ಕದ ಮನೆಯವರು ಫೋನು ಮಾಡಿದ್ದರು. ಅವಳನ್ನು ಕರೆದೊಯ್ಯಲೆಂದೇ ತಮ್ಮ ಬಂದಿದ್ದ. ಭಾವ ನಗುನಗುತ್ತ ಬರಮಾಡಿಕೊಂಡು, ತಾನು ಸಾಕಿದ ಹತ್ತು ಅಡಿಯ ಪರದೇಶದ ಹೆಬ್ಬಾವನ್ನು ತೋರಿಸಲು ಗಾಜಿನ ಗೂಡಿನೆದುರು ನಿಲ್ಲಿಸಿದ.

"ಕಚ್ಚಲ್ವಾ ಭಾವ?"

"ಗಾಬರಿಪಡಿಸಿದರೆ ಕಚ್ಚತ್ತೆ ಮಾರಾಯ. ಒಮ್ಮೆಲೇ ಕೈ ಹಾಕಬಾರದು."

ಭಾವ ಸೋಪು ಹಚ್ಚಿ ಕೈ ತೊಳೆದು ಬಂದ. ಹಾವಿನ ಮೈ ತರಚದಿರಲೆಂದು ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಬಳಿಕ ಸಣ್ಣ ಕೋಲೊಂದರಿಂದ ಅದರ ಬೆನ್ನನ್ನು ಮೆಲ್ಲಗೆ ಮುಟ್ಟಿದ.

"ಹೀಗೆ ಮೊದಲೇ ತಿಳಿಸಿಬಿಟ್ಟರೆ ಅದಕ್ಕೆ ಭಯ ಇರಲ್ಲ. ಪಾಪ, ಮೂಕಪ್ರಾಣಿ."

ಎಲ್ಲಿಯೂ ಜೋತುಬೀಳದಂತೆ ಅದನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು, ಕೂಸನ್ನು ಮಲಗಿಸುವಂತೆ ಮತ್ತೆ ಒಳಗಿಟ್ಟು, ಗಡಿಯಾರ ಕಟ್ಟಿಕೊಂಡ. ಅಕ್ಕ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಹೊರಡುವಾಗ ತಮ್ಮ ಗೇಟಿನ ಬಳಿ ಪಿಸುಗುಟ್ಟಿದ.

"ಕಂಡವರ ಮಾತು ಕೇಳಿ ಓಡಿಬಂದೆನಲ್ಲ ಅಕ್ಕ, ನನಗೇ ನಾಚಿಕೆ. ಹಾವನ್ನೇ ಇಷ್ಟು ನಾಜೂಕಾಗಿ ನೋಡಿಕೊಳ್ಳೋರು ನಿನ್ನ ಮೇಲೆ ಕೈ ಮಾಡ್ತಾರಾ?"

ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಸೆರಗನ್ನು ತೋಳಿನ ಮೇಲೆ ಎಳೆದುಕೊಂಡು, "ಹುಷಾರಾಗಿ ಹೋಗಪ್ಪ" ಎಂದಳು.

ತಮ್ಮನ ಬೈಕು ಮರೆಯಾಯಿತು. ಗಂಡ ಕದಕ್ಕೆ ಅಗುಳಿ ಹಾಕಿ, ಕೈಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಟ್ಟ.

"ಅವನನ್ನ ಕರೆಸಿದ್ದು ನೀನೇ ತಾನೇ?"

ಅವಳು ಗೂಡಿಗೆ ಒರಗಿಸಿದ್ದ ಕೋಲನ್ನು ತಂದು ಅವನ ಕೈಗಿತ್ತಳು.

"ಮೊದಲು ನನಗೂ ಇದರಿಂದ ಒಂದು ಸಲ ಮುಟ್ಟಿ ತಿಳಿಸಿಬಿಡಿ."