ಬಣ್ಣ ಬಿಟ್ಟ ಜಾಗ

ಸೊಸೆ ಟೀ ಹಿಡಿದು ಬರುವಷ್ಟರಲ್ಲಿ ಅತ್ತೆ ಹಸಿರಲ್ಲಿ ಅದ್ದಿದ ಕುಂಚ ಹಿಡಿದು, ತಿಂಗಳಿಂದ ಅವಳು ಬಿಡಿಸುತ್ತಿದ್ದ ಕೆರೆಯ ಚಿತ್ರದ ಮೇಲೆ ಬಾಗಿದ್ದರು.

"ನಡುವೆ ಇಷ್ಟಗಲ ಬಣ್ಣ ಹಚ್ಚೋದೇ ಮರೆತಿದ್ದೀಯಲ್ಲೇ, ಒಲೆ ಮೇಲೆ ಹಾಲಿಟ್ಟು ಮರೆಯೋ ಹಾಗೆ. ಇರು, ನಾನೇ ತುಂಬಿಸ್ತೀನಿ."

"ಬೇಡ ಅತ್ತೆ, ಅದೇ ಬೆಳ್ಳಕ್ಕಿ. ಕಾಗದದ ಬಿಳೀನೇ ಅದರ ಬಣ್ಣ. ಸುತ್ತ ನೀರು ಮಾತ್ರ ಬರೆದಿದ್ದೀನಿ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಮೊದಲು ಡೊಂಕು ಕತ್ತು, ಆಮೇಲೆ ಮಡಿಸಿದ ರೆಕ್ಕೆ, ಕೊನೆಗೆ ಇಡೀ ಹಕ್ಕಿ ಕಣ್ಣಿಗೆ ಬಿತ್ತು. ಕುಂಚದ ತುದಿಯಲ್ಲಿ ಹನಿಯೊಂದು ತೂಗುತ್ತಿತ್ತು. ಥಟ್ಟನೆ ಎಡ ಅಂಗೈಯನ್ನು ಅದರಡಿ ಒಡ್ಡಿದರು. ಹನಿ ಅಲ್ಲೇ ಬಿತ್ತು.

ಸೊಸೆಗೆ ಹೋದ ಜೀವ ಬಂದಂತಾಯಿತು. "ಟೀ ಆರಿಹೋಗುತ್ತೆ ಅತ್ತೆ."

"ಮೆಲ್ಲಗೆ ಮಾತಾಡೇ," ಅತ್ತೆ ಪಿಸುಗುಟ್ಟಿದರು. "ಹಾರಿಹೋದೀತು."