ಅಣ್ಣನ ಬಟ್ಟೆ

“ಉಸಿರಾಡೋಕೆ ಮೂಗಿಗೆ ಎರಡು ಕೊಳವೆ ಇಟ್ಟಿದ್ದೀನಲ್ಲಮ್ಮ, ಇನ್ನೇನು ಭಯ?” ಎನ್ನುತ್ತ ಶಿಲ್ಪಿ, ಅಚ್ಚು ತೆಗೆಯಲೆಂದು ಹಲಗೆಯ ಮೇಲೆ ಅಂಗಾತ ಮಲಗಿದ್ದ ಹುಡುಗನ ಮುಖಕ್ಕೆ ಎಣ್ಣೆ ಸವರಿದ. ಗೋಡೆಗೊರಗಿ ನಿಂತಿದ್ದ ತಾಯಿ ಮಗನನ್ನೇ ನೋಡುತ್ತಿದ್ದಳು. ಅವಳ ಭಯ ಕೊಳವೆಯದಲ್ಲ, ಮಗ ಹಾಕಿಕೊಂಡಿದ್ದ ಬಟ್ಟೆಯದು.

ಅದು ದೊಡ್ಡ ಮಗನ ಸಮವಸ್ತ್ರ. ಯುದ್ಧದಲ್ಲಿ ಗಾಯಗೊಂಡು ಬಿದ್ದಿದ್ದ ಇಬ್ಬರನ್ನು ಬೆನ್ನ ಮೇಲೆ ಹೊತ್ತು ತಂದು, ಮೂರನೆಯವನಿಗೆಂದು ಮತ್ತೆ ಹೋದವನು ಜೀವಂತವಾಗಿ ತಿರುಗಿ ಬಂದಿರಲಿಲ್ಲ. ಬದುಕಿಕೊಂಡ ಆ ಇಬ್ಬರೇ ಓಡಾಡಿ ಊರಿನ ವೃತ್ತದಲ್ಲಿ ಅವನ ಪ್ರತಿಮೆ ನಿಲ್ಲಿಸಲು ಹೊರಟಿದ್ದರು. ಅವರು ಮೊನ್ನೆ ಮನೆಗೆ ಬಂದಾಗ ಚಿಕ್ಕವನು ಊಟ ಬಿಟ್ಟು ಅವರ ಮಾತು ಕೇಳುತ್ತ ಕೂತಿದ್ದ. ಸೈನ್ಯಕ್ಕೆ ಮತ್ತೆ ಯಾವಾಗ ಆಳು ತೆಗೆದುಕೊಳ್ಳುತ್ತಾರೆ ಎಂದೂ ಕೇಳಿದ್ದ. ತಾಯಿ ಕೇಳಿಸಿಯೂ ಕೇಳಿಸದವಳಂತೆ ಒಳಗೆ ಹೋಗಿದ್ದಳು.

ತೊಡಕು ಬಂದದ್ದು ಮುಖದ್ದು. ಸಮವಸ್ತ್ರದಲ್ಲಿ ದೊಡ್ಡವನದೊಂದೇ ಫೋಟೋ ಇತ್ತು, ಅದರಲ್ಲೂ ಟೋಪಿಯ ನೆರಳು ಬಿದ್ದು ಮೂಗೆಲ್ಲಿ ಕಣ್ಣೆಲ್ಲಿ ಎಂದು ಹುಡುಕಬೇಕಿತ್ತು. ಶಿಲ್ಪಿ ತಲೆ ಕೆರೆದುಕೊಳ್ಳುತ್ತ ಕೂತಾಗ ಬಾಯಿ ಬಿಟ್ಟವಳು ತಾಯಿಯೇ. “ನಮ್ಮ ಚಿಕ್ಕವನನ್ನ ನೋಡಿ ಸಾಕು, ಅಣ್ಣನ್ನೇ ಎರಕ ಹೊಯ್ದ ಹಾಗಿದಾನೆ” ಎಂದು ಹೆಮ್ಮೆಪಟ್ಟುಕೊಂಡು ಹೇಳಿದ್ದಳು. ಗುಂಡಿ, ಪಟ್ಟಿ ಎಲ್ಲ ನೋಡಿಕೊಳ್ಳಲಿ ಎಂದು ದೊಡ್ಡವನು ಮನೆಯಲ್ಲಿ ಬಿಟ್ಟುಹೋಗಿದ್ದ ಸಮವಸ್ತ್ರವನ್ನೂ ಟ್ರಂಕಿನಿಂದ ತೆಗೆದು ತಂದಿದ್ದಳು. ಭುಜದ ಮೇಲೆ ಬಟ್ಟೆ ಹೇಗೆ ಕೂರುತ್ತದೋ ತಿಳಿಯಬೇಕು, ಹುಡುಗನೇ ಹಾಕಿಕೊಳ್ಳಲಿ ಎಂದ ಶಿಲ್ಪಿ. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಂತಾಗಿತ್ತು ಅವಳಿಗೆ.

“ನಮ್ಮನೇಲಿ ಇದೇನು ಹೊಸದಲ್ಲ ಬಿಡಿ,” ಎಂದು ಚಿಕ್ಕವನು ನಕ್ಕಿದ್ದ. “ಹುಟ್ಟಿದಾಗಿಂದ ಅಣ್ಣ ಹಾಕಿ ಬಿಟ್ಟಿದ್ದೇ ನನಗೆ.” ಅದು ನಿಜವೇ. ದೊಡ್ಡವನ ಅಂಗಿ ಗಿಡ್ಡವಾಯಿತೆಂದರೆ ತಾಯಿ ಅದರ ತೋಳನ್ನು ಒಳಗೆ ಮಡಚಿ ಹೊಲಿದು ಚಿಕ್ಕವನಿಗೆ ತೊಡಿಸುತ್ತಿದ್ದಳು. ಆದರೆ ಇವತ್ತು ಪರದೆಯ ಹಿಂದಿನಿಂದ ಅವನು ಸಮವಸ್ತ್ರದಲ್ಲಿ ಹೊರಗೆ ಬಂದು ನಿಂತಾಗ ಅವಳು ಹಿಂದೆ ಸರಿದು ಗೋಡೆಗೊರಗಿದ್ದಳು.

ಶಿಲ್ಪಿ ಒದ್ದೆ ಪ್ಲಾಸ್ಟರನ್ನು ಗಲ್ಲದಿಂದ ಮೇಲಕ್ಕೆ ಬಳಿಯುತ್ತ ಹೋದ. ತುಟಿ ಮುಚ್ಚಿತು, ಕೆನ್ನೆ ಮುಚ್ಚಿತು, ಕೊನೆಗೆ ಕಣ್ಣೂ ಮುಚ್ಚಿತು. ದೊಡ್ಡವನು ಮನೆಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆಯಲ್ಲಿ. ತೆರೆಯಬೇಡಿ ಎಂದಿದ್ದರು, ಅವಳು ತೆರೆದಿರಲಿಲ್ಲ. ಒಳಗೆ ಹೇಗಿದ್ದನೋ ಎಂದು ಯೋಚಿಸದಿರಲು ಅವಳು ಇಷ್ಟು ದಿನ ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಅಂಥದೇ ಸಮವಸ್ತ್ರ, ಅದರ ಮೇಲೆ ಮುಖವಿಲ್ಲದ ಒಂದು ಬಿಳಿ ಮುದ್ದೆ, ಕೈಗೆಟುಕುವ ದೂರದಲ್ಲಿ ಮಲಗಿತ್ತು.

“ಮಗಾ,” ಎಂದಳು.

“ಮಾತಾಡಿಸಬೇಡಿ. ತುಟಿ ಅಲ್ಲಾಡಿದ್ರೆ ಅಚ್ಚು ಕೆಡುತ್ತೆ. ಆಮೇಲೆ ನಿಮ್ಮ ದೊಡ್ಡ ಮಗ ವೃತ್ತದಲ್ಲಿ ಸೊಟ್ಟಬಾಯಿ ಮಾಡ್ಕೊಂಡು ನಿಂತಿರ್ತಾನೆ.”

“ಬೆರಳಾದ್ರೂ ಎತ್ತಬಹುದಾ?”

“ಧಾರಾಳವಾಗಿ ಎತ್ತಲಿ.”

“ಮಗಾ, ನನ್ನ ಮಾತು ಕೇಳ್ತಿದ್ರೆ ಬೆರಳೆತ್ತು.”

ಹಲಗೆಯ ಅಂಚಿನಲ್ಲಿ ಹೆಬ್ಬೆರಳು ಮೇಲೆದ್ದಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು, ಮತ್ತೆ ಎದ್ದಿತು. ಶಿಲ್ಪಿ ನಗುತ್ತ ಕೈ ತೊಳೆಯಲು ಹೊರಗಿನ ನಲ್ಲಿಗೆ ಹೋದ. ಪ್ಲಾಸ್ಟರ್ ನಿಧಾನಕ್ಕೆ ಗಟ್ಟಿಯಾಗುತ್ತಿತ್ತು. ಅವಳು ಇನ್ನೊಮ್ಮೆ ಕೇಳಿದಳು. ಬೆರಳು ಏಳಲಿಲ್ಲ.

“ಮಗಾ, ಬೆರಳೆತ್ತೋ.”

ಆಗಲೂ ಏಳಲಿಲ್ಲ. ಮುಂದೆ ಬಾಗಿದವಳೇ ಎರಡೂ ಕೈಯಿಂದ ಆ ಬಿಳಿ ಮುದ್ದೆಯನ್ನು ಹಿಡಿದು ಕಿತ್ತಳು. ಅರೆಬರೆ ಗಟ್ಟಿಯಾಗಿದ್ದ ಅಚ್ಚು ಎರಡು ಹೋಳಾಗಿ, ಹುಬ್ಬಿನ ಒಂದಿಷ್ಟು ಕೂದಲನ್ನೂ ಸೇರಿಸಿಕೊಂಡು ಬಂತು.

“ಅಯ್ಯೋ, ಏನಮ್ಮಾ ಇದು?” ಚಿಕ್ಕವನು ಹುಬ್ಬು ಉಜ್ಜಿಕೊಳ್ಳುತ್ತ ಎದ್ದು ಕೂತ. “ಒಳಗೆ ಬೆಚ್ಚಗಿತ್ತು, ಹಾಗೇ ಜೊಂಪು ಹತ್ತಿಬಿಟ್ಟಿತ್ತು.”

ಓಡಿ ಬಂದ ಶಿಲ್ಪಿ ಹೋಳುಗಳನ್ನು ನೋಡಿ ನಿಟ್ಟುಸಿರು ಬಿಟ್ಟ. “ಇರಲಿ, ಮತ್ತೆ ಕಲಸ್ತೀನಿ.”

“ಬೇಡ.” ಅವಳು ಹೋಳುಗಳನ್ನು ನೆಲಕ್ಕಿಟ್ಟಳು. “ಫೋಟೋದಲ್ಲಿ ಇರೋ ಹಾಗೇ ಮಾಡಿ. ಟೋಪಿ ಇನ್ನಷ್ಟು ಕೆಳಕ್ಕೆ ಎಳೀರಿ.”

“ಮುಖಾನೇ ಕಾಣದಿದ್ರೆ ಅದು ಅವನೇ ಅಂತ ಜನಕ್ಕೆ ಹೇಗಮ್ಮ ಗೊತ್ತಾಗಬೇಕು?”

“ಅವನೇನು ಮಾಡಿದ ಅನ್ನೋದು ಗೊತ್ತಿದ್ರೆ ಸಾಕು. ಹೋದವನಿಗೆ ಇರೋವನ ಮುಖ ಕೊಡಲ್ಲ ನಾನು.” ಹೀಗೆಂದು ಮಗನತ್ತ ತಿರುಗಿದಳು. “ನೀನು ಮೊದಲು ಆ ಬಟ್ಟೆ ಬಿಚ್ಚು.”

ಹಲಗೆಯ ಮೇಲೆ ಅವನಿರಲಿಲ್ಲ. ಮುಖ ಒರೆಸಿಕೊಳ್ಳಲೆಂದು ಮೂಲೆಯ ಕನ್ನಡಿಯ ಹತ್ತಿರ ಹೋಗಿದ್ದ. ಒರೆಸಿಕೊಂಡು ಮುಗಿದಿತ್ತು. ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು, ಎದೆ ಸೆಟೆಸಿ, ಬಿಳಿ ಇನ್ನೂ ಅಂಟಿಕೊಂಡಿದ್ದ ಹುಬ್ಬಿಗೆ ಬಲಗೈ ಎತ್ತಿ ಸೆಲ್ಯೂಟ್ ಹೊಡೆದು ನಿಂತಿದ್ದ.

“ಅಮ್ಮ, ಇಲ್ನೋಡು,” ಎಂದ, ಕನ್ನಡಿಯಿಂದ ಕಣ್ಣು ಕೀಳದೆ. “ಅಣ್ಣನ ಬಟ್ಟೆ ನನಗೆ ಯಾವಾಗ್ಲೂ ದೊಗಳೆ ಆಗ್ತಿತ್ತಲ್ವಾ? ಇದು ನನ್ನ ಅಳತೆ ತಗೊಂಡೇ ಹೊಲಿದ ಹಾಗಿದೆ.”