ಮೈನಸ್ ನಾಲ್ಕು

"ಹೂವಿನ ಲಾರಿಗೆ ಮೈನಸ್ ನಾಲ್ಕು," ಎಂದು ಮೈಕಿಗೆ ಬಿಡಿಸಿ ಹೇಳಿ ಅವಳು ರೆಕಾರ್ಡಿಂಗ್ ನಿಲ್ಲಿಸಿದಳು. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಆ ಮೈನಸ್ ಶುದ್ಧ ಸುಳ್ಳು. ಹೂವಿಗೆ ಬೇಕಾದದ್ದು ಬರೀ ನಾಲ್ಕು ಡಿಗ್ರಿ. ಸೊನ್ನೆಗಿಂತ ಕೆಳಗಿಳಿಸಿದರೆ ಲಾರಿ ತುಂಬ ಕಸವೇ.

ಫ್ರೀಜರ್ ಲಾರಿಗಳ ಕಂಪನಿಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಯಾವ ಲಾರಿಗೆ ಯಾವ ಸರಕು, ಒಳಗೆ ಎಷ್ಟು ತಂಪಿರಬೇಕು ಎಂದು ಡ್ರೈವರುಗಳಿಗೆ ಚೀಟಿ ಕಳಿಸುವುದು ಅವಳ ಕೆಲಸ. ಆಫೀಸು ಮುಚ್ಚಿ ಎಲ್ಲರೂ ಮನೆಯಿಂದಲೇ ದುಡಿಯತೊಡಗಿದ ಮೇಲೆ ಮಾತುಕತೆಯೆಲ್ಲ ವಿಡಿಯೊ ಸಂದೇಶಗಳಲ್ಲೇ. ಅವಳನ್ನು ತೆಗೆದದ್ದೂ ಹಾಗೆಯೇ. ಮ್ಯಾನೇಜರ್ ಐವತ್ತು ಸೆಕೆಂಡು ಹಲ್ಲು ಕಿರಿದು, ಸೋಮವಾರದಿಂದ ಹೊಸ ಹುಡುಗಿ ಬರುತ್ತಾಳೆ, ಅಷ್ಟರಲ್ಲಿ ನಿಮ್ಮ ಕೆಲಸವನ್ನೆಲ್ಲ ವಿಡಿಯೊ ಮಾಡಿಡಿ ಎಂದಿದ್ದ. ಎದುರು ಮಾತಾಡೋಣವೆಂದರೆ ಆ ಕಡೆ ಕೇಳಿಸಿಕೊಳ್ಳುವವರೇ ಇರಲಿಲ್ಲ.

ಹಲ್ಲು ಕಚ್ಚಿಕೊಂಡು ಮೂವತ್ತು ವಿಡಿಯೊ ಮಾಡಿದ್ದಳು. ಮುಖ ತೋರಿಸಲಿಲ್ಲ, ಬರೀ ಧ್ವನಿ. ಒಂದೊಂದರ ಕೆಳಗೂ ಅದನ್ನು ಎಷ್ಟು ಸಲ ನೋಡಿದ್ದಾರೆ ಎಂಬ ಸಂಖ್ಯೆ ಕಾಣುತ್ತಿತ್ತು. ಎಲ್ಲದರಲ್ಲೂ ಮೂರು. ಆ ಮೂರನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು. ತನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವಳು ಎಷ್ಟು ಶ್ರದ್ಧೆಯಿಂದ ಪಾಠ ಕಲಿಯುತ್ತಿದ್ದಾಳೆ!

ಅದಕ್ಕೇ ಕೊನೆಯ ವಿಡಿಯೊದಲ್ಲಿ ಈ ಮೈನಸ್. ನಾಳೆ ಯಾರಾದರೂ ಕೇಳಿದರೆ ಬಾಯಿ ತಪ್ಪಿತು ಅಂದರಾಯಿತು.

ಸಂಜೆ ಮಗಳು ಬಾಗಿಲಲ್ಲಿ ಬಂದು ನಿಂತಳು. ಎರಡು ವರ್ಷ ಕೆಲಸ ಹುಡುಕಿ ಸೋತು ಸುಣ್ಣವಾಗಿದ್ದ ಹುಡುಗಿ. ಈಗ ಎಲ್ಲೋ ಒಂದು ಸಿಕ್ಕಿದೆ, ಗಟ್ಟಿಯಾದ ಮೇಲೆ ಹೇಳುತ್ತೇನೆ ಎಂದಿದ್ದಳು. ಅಮ್ಮನ ಕೆಲಸ ಹೋಗುವುದು ಖಾತ್ರಿಯಾದಾಗಿನಿಂದ ಅಡುಗೆ, ಪಾತ್ರೆ ಎಲ್ಲ ಅವಳದೇ. ಆ ಉಪಚಾರ ಕನಿಕರದಂತೆ ಕಂಡು ಅಮ್ಮನಿಗೆ ಇನ್ನಷ್ಟು ಸಿಡಿಮಿಡಿ.

"ಹೂವು ಅಷ್ಟು ಚಳಿ ತಡೆಯುತ್ತಾ ಅಮ್ಮ?"

ಗೋಡೆ ತೆಳು, ರೆಕಾರ್ಡಿಂಗ್ ಆಚೆಗೆ ಕೇಳಿಸಿರಬೇಕು.

"ಹತ್ತೊಂಬತ್ತು ವರ್ಷ ಮಾಡಿದ ಕೆಲಸ ಅದು. ನೀನು ನನಗೆ ಹೇಳಿಕೊಡೋಕೆ ಬರಬೇಡ."

ಮಗಳು ತಲೆಯಾಡಿಸಿ ಹೋದಳು.

ಸೋಮವಾರದಿಂದ ಮಗಳ ಕೋಣೆಯ ಬಾಗಿಲು ಮುಚ್ಚಿತು. ಅಮ್ಮನಿಗೆ ಮಾಡಲು ಏನೂ ಇರಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಮತ್ತೆ ಒರೆಸಿದಳು.

ಬುಧವಾರ ಮಧ್ಯಾಹ್ನ ಕಂಪನಿಯ ಹಳೆಯ ಡ್ರೈವರೊಬ್ಬ ಫೋನ್ ಮಾಡಿದ. "ನೀವಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಅಕ್ಕ," ಎಂದು ಗೋಳಾಡಿದ. ಚೀಟಿಯಲ್ಲಿ ಇದ್ದಷ್ಟೇ ತಂಪು ಇಟ್ಟಿದ್ದನಂತೆ. ಬಾಗಿಲು ತೆಗೆದು ಸರಕು ಇಳಿಸಿದರೆ ಇಡೀ ಲಾರಿಯ ಗುಲಾಬಿ ಕಪ್ಪಿಟ್ಟುಹೋಗಿತ್ತಂತೆ. ಹೊಸ ಹುಡುಗಿಯನ್ನು ಈಗಷ್ಟೇ ವಿಡಿಯೊ ಕಳಿಸಿ ಕೆಲಸದಿಂದ ತೆಗೆದರಂತೆ. ಯಾರು ಹೇಳಿಕೊಟ್ಟರು ಎಂದು ಕೇಳಿದ್ದಕ್ಕೆ, ಯಾರದೂ ತಪ್ಪಿಲ್ಲ, ನನ್ನದೇ ಎಂದಳಂತೆ.

ಪೆದ್ದಿ, ಎಂದುಕೊಂಡಳು ಅಮ್ಮ. ಹೊಟ್ಟೆ ತಣ್ಣಗಾಯಿತು. ಎಷ್ಟೋ ದಿನದ ಮೇಲೆ ತಾನೇ ಒಲೆ ಹಚ್ಚಿ ಎರಡು ಲೋಟ ಚಹಾ ಮಾಡಿದಳು. ಮಗಳ ಕೋಣೆಯ ಬಾಗಿಲನ್ನು ಕಾಲಿನಿಂದ ಮೆಲ್ಲಗೆ ನೂಕಿದಳು.

ಮಗಳು ಹೆಡ್‌ಫೋನ್ ಕಳಚಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಎದುರಿನ ತೆರೆಯ ಮೇಲೆ ಒಂದು ವಿಡಿಯೊ ಮುಗಿದು ನಿಂತಿತ್ತು. ಅದರಲ್ಲಿ ಹಲ್ಲು ಕಿರಿಯುತ್ತಿದ್ದವನು ಅಮ್ಮನಿಗೆ ಚೆನ್ನಾಗಿ ಗೊತ್ತಿದ್ದ ಮ್ಯಾನೇಜರ್.

"ನಿನ್ನನ್ನ ಹೇಗೂ ತೆಗೀತಿದ್ರು. ನಿನ್ನ ಕುರ್ಚಿ ಮನೆಯಲ್ಲೇ ಉಳೀಲಿ ಅಂತ ನಾನು ಅರ್ಜಿ ಹಾಕಿದ್ದೆ," ಎಂದಳು ಮಗಳು. ಅಮ್ಮ ಎರಡೂ ಲೋಟಗಳನ್ನು ಮೇಜಿನ ಮೇಲಿಟ್ಟಳು.

"ಒಂದೊಂದನ್ನೂ ಮೂರು ಸಲ ನೋಡಿದ್ದೆ. ನೀನು ತಪ್ಪು ಹೇಳೋಳಲ್ಲ. ನಾನೇ ಎಲ್ಲೋ ತಪ್ಪು ಮಾಡಿದೆ, ಅಲ್ವಾ ಅಮ್ಮ?"